ಉಬ್ಬಸದವರ ಚಿಕಿತ್ಸೆ: ವಾರ್ಡಿನ ಆಚೆಗೆ

ಧನುರ್ಮಾಸದ ಚಳಿ ಬಿತ್ತೆಂದರೆ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯವರಿಗೆ ಯಾರು ಬರುತ್ತಾರೆಂಬುದು ಮೊದಲೇ ಗೊತ್ತಿರುತ್ತದೆ. ಅರವತ್ತು ದಾಟಿದವರು, ಮಲಗಲಾಗದೆ ಮಂಚದ ಅಂಚಿಗೆ ಕೈಯೂರಿ ಕೂತೇ ರಾತ್ರಿ ಕಳೆಯುವವರು, ಎರಡು ಪದ ಆಡುವಷ್ಟರಲ್ಲಿ ಏದುಸಿರು ಬಿಡುವವರು. ಮಗನೋ ಅಳಿಯನೋ ಆಟೋದಲ್ಲಿ ಕರೆತರುತ್ತಾರೆ. ನೆಬುಲೈಸರ್ ಹಚ್ಚುತ್ತಾರೆ, ಡೆರಿಫಿಲಿನ್ ಮತ್ತು ಡೆಕ್ಸಾ ಇಂಜೆಕ್ಷನ್ ಬೀಳುತ್ತದೆ, ಮೂಗಿಗೆ ಆಕ್ಸಿಜನ್ ನಳಿಕೆ ಬರುತ್ತದೆ. ಮೂರು ನಾಲ್ಕು ದಿನಕ್ಕೆ ಉಸಿರು ಹತೋಟಿಗೆ ಬಂದಾಗ ಚೀಟಿ ಬರೆದು ಮನೆಗೆ ಕಳಿಸುತ್ತಾರೆ. ಯುಗಾದಿಯ ಹೊತ್ತಿಗೆ ಅದೇ ಮನುಷ್ಯ ಮತ್ತೆ ಅದೇ ವಾರ್ಡಿನಲ್ಲಿ. ನಡುವಿನ ತಿಂಗಳುಗಳಲ್ಲಿ ಔಷಧಿ ತೆಗೆದುಕೊಂಡರೇ, ತೆಗೆದುಕೊಂಡ ಬಗೆ ಸರಿಯಿತ್ತೇ, ಹಿತ್ತಲವರೆಗಾದರೂ ನಡೆಯಲು ಆಗುತ್ತಿತ್ತೇ ಎಂದು ಕೇಳುವ ಹೊಣೆ ಯಾರಿಗೂ ಇರಲಿಲ್ಲ. ದೀರ್ಘಕಾಲದ ಶ್ವಾಸಕೋಶ ರೋಗವಿರುವ ವಯಸ್ಕರಿಗೆ ತಜ್ಞ ಚಿಕಿತ್ಸೆ ಹೇಗಿರಬೇಕು ಎಂಬ ಪ್ರಶ್ನೆಯ ತಿರುಳು ನನ್ನ ಮಟ್ಟಿಗೆ ಈ ಹೊಣೆಯೇ. ಏನು ಮಾಡಬೇಕೆಂಬುದು ವೈದ್ಯಶಾಸ್ತ್ರಕ್ಕೆ ಬಹುಮಟ್ಟಿಗೆ ತಿಳಿದಿದೆ. ತಿಳಿದದ್ದೆಲ್ಲ ಕೆಟ್ಟ ರಾತ್ರಿಯೊಂದರ ಸುತ್ತ ಮಾತ್ರ ಸೇರಿಕೊಂಡಿದೆ, ಉಳಿದ ದಿನಗಳಿಗೆ ಇಳಿದು ಬಂದಿಲ್ಲ.

ರೋಗ ಎಷ್ಟು ಹರಡಿದೆ ಎಂಬುದನ್ನು ಮೊದಲು ನೋಡೋಣ. ಜಾಗತಿಕ ರೋಗಹೊರೆ ಅಧ್ಯಯನದ ಭಾರತದ ಲೆಕ್ಕಾಚಾರ 2018ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ 1990ರಲ್ಲಿ ದೇಶದಲ್ಲಿ ಸುಮಾರು 2.8 ಕೋಟಿ ಜನಕ್ಕೆ ಸಿಒಪಿಡಿ ಇತ್ತು. 2016ರ ವೇಳೆಗೆ ಅದು 5.5 ಕೋಟಿಯಾಗಿತ್ತು. ಅಸ್ತಮಾ ಇರುವವರು ಬೇರೆ, ಸುಮಾರು 3.8 ಕೋಟಿ. ಜಗತ್ತಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ನೂರಕ್ಕೆ 18. ದೀರ್ಘಕಾಲದ ಉಸಿರಾಟದ ರೋಗಗಳಿಂದ ಜಗತ್ತು ಕಳೆದುಕೊಳ್ಳುವ ಆರೋಗ್ಯವಂತ ವರ್ಷಗಳಲ್ಲಿ ನಮ್ಮ ಪಾಲು ನೂರಕ್ಕೆ 32. ಜನಸಂಖ್ಯೆ ಬೆಳೆದಿದೆ, ಮುದುಕರು ಹೆಚ್ಚಿದ್ದಾರೆ, ಹಾಗಾಗಿ ರೋಗಿಗಳೂ ಹೆಚ್ಚಿದ್ದಾರೆ ಎನ್ನುವುದು ನಿಜ. ಆದರೆ 18ಕ್ಕೂ 32ಕ್ಕೂ ನಡುವಿನ ಅಂತರಕ್ಕೆ ಮುಪ್ಪು ಕಾರಣವಲ್ಲ. ನಮ್ಮವರು ಹೆಚ್ಚು ಹೊಗೆ ಕುಡಿಯುತ್ತಾರೆ, ಒಲೆಯದ್ದೂ ಬೀಡಿಯದ್ದೂ ಊರಿನದ್ದೂ, ತಡವಾಗಿ ಪತ್ತೆಯಾಗುತ್ತಾರೆ, ಪತ್ತೆಯಾದ ಮೇಲೂ ಅರೆಬರೆ ಚಿಕಿತ್ಸೆ ಪಡೆಯುತ್ತಾರೆ.

ಸಿಒಪಿಡಿ ಎಂದರೆ ಶ್ವಾಸನಾಳಗಳು ಊದಿಕೊಂಡು ಕಿರಿದಾಗಿ, ಗಾಳಿಗೂಡುಗಳ ಗೋಡೆ ಹರಿದು, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಾರದ ಸ್ಥಿತಿ. ಹೆಸರು ಕೇಳಿದೊಡನೆ ಬೀಡಿ, ಸಿಗರೇಟು ನೆನಪಾಗುತ್ತವೆ. ತಪ್ಪೇನಿಲ್ಲ. ಲಂಡನ್ನಿನ ಕೆಲಸಗಾರರ ಶ್ವಾಸಬಲವನ್ನು ವರ್ಷಗಟ್ಟಲೆ ಅಳೆದ ಫ್ಲೆಚರ್ ಮತ್ತು ಪೀಟೊ 1977ರಲ್ಲಿ ತೋರಿಸಿದ್ದು ಇದನ್ನೇ: ಸೇದುವವರಲ್ಲಿ ಹಲವರ ಶ್ವಾಸಬಲ ಬೇಗ ಬೇಗ ಕುಸಿಯುತ್ತದೆ, ಬಿಟ್ಟವರಿಗೆ ಕಳೆದುಕೊಂಡದ್ದು ಮರಳಿ ಬಾರದಿದ್ದರೂ ಮುಂದಿನ ಕುಸಿತ ಸೇದದವರಷ್ಟೇ ನಿಧಾನವಾಗುತ್ತದೆ. ಐವತ್ತನೆಯ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ. ಬೀಡಿ ಬಿಡಿಸುವುದಕ್ಕಿಂತ ದೊಡ್ಡ ಔಷಧಿ ಈ ರೋಗಕ್ಕೆ ಇವತ್ತಿಗೂ ಇಲ್ಲ.

ಆದರೆ ಬೀಡಿಯೊಂದನ್ನೇ ಹಿಡಿದುಕೊಂಡರೆ ನಮ್ಮ ರೋಗಿಗಳಲ್ಲಿ ದೊಡ್ಡ ಪಾಲು ಕಣ್ಣಿಗೇ ಬೀಳುವುದಿಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ವಯಸ್ಕರಲ್ಲಿ ನೂರಕ್ಕೆ ಸುಮಾರು 7 ಜನರಲ್ಲಿ ಸಿಒಪಿಡಿ ಕಂಡಿತು: ಗಂಡಸರಲ್ಲಿ 11, ಹೆಂಗಸರಲ್ಲಿ 4.5. ನಮ್ಮ ಹಳ್ಳಿಯ ಹೆಂಗಸರು ಬೀಡಿ ಸೇದುವುದು ತೀರಾ ಅಪರೂಪ. ಅವರು ಊದುಕೊಳವೆ ಹಿಡಿದು ಹಸಿ ಸೌದೆ ಊದಿದವರು. ಅಡುಗೆ ಒಲೆಯ ಜೊತೆಗೆ ಬಚ್ಚಲ ಹಂಡೆಯ ಒಲೆ, ಮಲೆನಾಡಿನಲ್ಲಾದರೆ ಸುಗ್ಗಿಯಲ್ಲಿ ಅಡಕೆ ಬೇಯಿಸುವ ಒಲೆ, ಹುಣಸೂರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಹಾಕುವ ಸೌದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ಹೊಗೆಯನ್ನು ಕೊಳವೆಯ ಮೂಲಕ ಮನೆಯ ಹೊರಗೆ ಕಳಿಸಿತು. ಕರ್ನಾಟಕದ ಸಾವಿರಾರು ಅಡುಗೆಮನೆಗಳಿಗೆ ಅದು ಹೋಯಿತು. 2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆ ಗ್ಯಾಸ್ ಸಿಲಿಂಡರನ್ನು ಬಡವರ ಮನೆಗೆ ತಂದಿತು. ಎರಡೂ ದೊಡ್ಡ ಕೆಲಸಗಳೇ. ಆದರೆ ನಲವತ್ತು ವರ್ಷ ಹೊಗೆ ಕುಡಿದ ಶ್ವಾಸಕೋಶ ಹೊಸ ಒಲೆ ಬಂದ ದಿನ ಹೊಸದಾಗುವುದಿಲ್ಲ. ಆ ಹೆಂಗಸು ಈಗ ಅರವತ್ತರಲ್ಲಿದ್ದಾಳೆ. 'ನೀವು ಸೇದುತ್ತೀರಾ' ಎಂಬ ಪ್ರಶ್ನೆಗೆ 'ಇಲ್ಲ' ಎಂದ ಕೂಡಲೇ ಸಿಒಪಿಡಿಯ ಯೋಚನೆ ವೈದ್ಯರ ತಲೆಯಿಂದ ಹೋಗಿಬಿಡುತ್ತದೆ. ಕೇಳಬೇಕಾಗಿದ್ದ ಪ್ರಶ್ನೆ, 'ಎಷ್ಟು ವರ್ಷ ಸೌದೆ ಒಲೆಯ ಮುಂದೆ ಕೂತಿದ್ದೀರಿ' ಎಂಬುದು.

ದೂಳಿನ ಕಥೆ ಇನ್ನೊಂದು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ನಮ್ಮ ಕೋಲಾರದ ಚಿನ್ನದ ಗಣಿಗಳಿಂದ, 1934ರಲ್ಲಿ. ನಲವತ್ತರ ದಶಕದ ಸಮೀಕ್ಷೆ ಅಲ್ಲಿ ಪರೀಕ್ಷೆಗೊಳಗಾದ ಗಣಿಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ರೋಗ ಹತ್ತಿರುವುದನ್ನು ಕಂಡಿತ್ತು. ಗಣಿ 2001ರಲ್ಲಿ ಮುಚ್ಚಿತು. ಕಲ್ಲಿನ ದೂಳು ಮಾತ್ರ ನಿಂತಿಲ್ಲ. ಕ್ವಾರಿ, ಕ್ರಷರ್, ಗ್ರಾನೈಟ್ ಕೊಯ್ಯುವ ಶೆಡ್ಡುಗಳಲ್ಲಿ ಅದೇ ಸಿಲಿಕಾ ಹಾರುತ್ತಿದೆ. ಒಮ್ಮೆ ಒಳಗೆ ಸೇರಿದ ಸಿಲಿಕಾವನ್ನು ತೆಗೆಯುವ ಔಷಧಿಯಿಲ್ಲ, ಜೊತೆಗೆ ಕ್ಷಯ ಹತ್ತುವ ಸಾಧ್ಯತೆಯೂ ಹೆಚ್ಚು. ಇಂಥ ಕಾರ್ಮಿಕರನ್ನು ಹುಡುಕಿ ಪರಿಹಾರ ಕೊಡಲು ರಾಜಸ್ಥಾನ ಸರ್ಕಾರ 2019ರಲ್ಲಿ ಪ್ರತ್ಯೇಕ ನೀತಿಯನ್ನೇ ತಂದಿತು. ಈ ರೋಗದ ಚರಿತ್ರೆ ಶುರುವಾದ ರಾಜ್ಯ ಆ ವಿಷಯದಲ್ಲಿ ಹಿಂದೆ ಉಳಿಯಬಾರದಿತ್ತು.

ಕ್ಷಯದ ಮಾತು ಬಂದಿತು. ಇಡೀ ಪ್ರಶ್ನೆಯ ಬೀಗದ ಕೈ ಅಲ್ಲಿದೆ ಎಂದು ನನ್ನ ನಂಬಿಕೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಆರು ತಿಂಗಳು ಮಾತ್ರೆ ನುಂಗಿ ಕ್ಷಯ ವಾಸಿಯಾದವರಲ್ಲಿ ಹಲವರ ಶ್ವಾಸಕೋಶದಲ್ಲಿ ಗಾಯದ ಕಲೆ, ಪೊಳ್ಳು, ಹಿಗ್ಗಿದ ಶ್ವಾಸನಾಳಗಳು ಉಳಿದುಬಿಡುತ್ತವೆ. ಹಿಗ್ಗಿದ ನಾಳಗಳಲ್ಲಿ ಕಫ ನಿಂತು ಮತ್ತೆ ಮತ್ತೆ ಸೋಂಕಾಗುವ ಸ್ಥಿತಿಗೆ ಬ್ರಾಂಕಿಯೆಕ್ಟಸಿಸ್ ಎನ್ನುತ್ತಾರೆ. ದೇಶದ 31 ಕೇಂದ್ರಗಳಿಂದ 2,195 ಇಂಥ ರೋಗಿಗಳ ವಿವರ ಕಲೆಹಾಕಿದ ದಾಖಲಾತಿಯೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿಗೆ ಹಿಂದೆ ಬಂದಿದ್ದ ಕ್ಷಯವೇ ಕಾರಣವಾಗಿತ್ತು. ಯೂರೋಪಿನ ರೋಗಿಗಳ ಚಿತ್ರ ಹೀಗಿಲ್ಲ. ಅಲ್ಲಿಯ ಮಾರ್ಗಸೂಚಿಯನ್ನು ಹಾಗೆಯೇ ತಂದು ಇಲ್ಲಿ ಹಾಕಿದರೆ ಸಾಲದು.

ಈಗ ಒಬ್ಬ ರೋಗಿಯ ದಾರಿ ನೋಡಿ. ಕ್ಷಯವಿದ್ದಾಗ ಅವನ ಹೆಸರು ನಿಕ್ಷಯ್ ಪೋರ್ಟಲಿನಲ್ಲಿ ಇರುತ್ತದೆ. ಕಫ ಪರೀಕ್ಷೆ ಉಚಿತ, ಮಾತ್ರೆ ಉಚಿತ. ಪೌಷ್ಟಿಕ ಆಹಾರಕ್ಕೆಂದು ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1,000 ಆಗಿದೆ. ಮಾತ್ರೆ ತಪ್ಪಿಸಿದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾಳೆ. ಕೊನೆಯ ಕಫ ಪರೀಕ್ಷೆಯಲ್ಲಿ ಕ್ರಿಮಿ ಕಾಣದಿದ್ದರೆ 'ಗುಣವಾಗಿದೆ' ಎಂದು ಬರೆದು ಪುಟ ಮುಚ್ಚುತ್ತಾರೆ. ಅದೇ ಮನುಷ್ಯ ಮರುವರ್ಷ ಗದ್ದೆಯ ಬದು ಹತ್ತಲಾರದೆ ಕೂತುಬಿಟ್ಟರೆ ಅವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಮಾತ್ರೆಯೂ ಇಲ್ಲ, ಮನೆಗೆ ಬರುವವರೂ ಇಲ್ಲ. ಖಾಸಗಿ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇಯ ಹಳೆಯ ಕಲೆ ಕಂಡು ಪರೀಕ್ಷೆಯಿಲ್ಲದೆ ಮತ್ತೆ ಕ್ಷಯದ ಮಾತ್ರೆ ಶುರುಮಾಡುವುದೂ ಉಂಟು. ದೀರ್ಘಕಾಲದ ರೋಗವೊಂದನ್ನು ಬಡವರ ನಡುವೆ ಹೇಗೆ ನೋಡಿಕೊಳ್ಳಬೇಕೆಂಬುದನ್ನು ಈ ದೇಶ ಕ್ಷಯದ ಮೂಲಕ ಕಲಿತಿದೆ. ಕಲಿತದ್ದನ್ನು ಪಕ್ಕದ ರೋಗಕ್ಕೆ ಹಚ್ಚಿಲ್ಲ, ಅಷ್ಟೇ.

ಕಲಿತದ್ದು ಎಲ್ಲೋ ದೂರದಲ್ಲಲ್ಲ, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬ ಆಗಿನ ನಂಬಿಕೆಯನ್ನು ಅವರು ಮನೆಮನೆಗೆ ಹೋಗಿ ಪರೀಕ್ಷಿಸಿದರು. ಕ್ಷಯವಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮಿನ ಅರಿವಿತ್ತು, ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು, ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಸಿರಪ್ಪು. ಪ್ರತ್ಯೇಕ ಸ್ಯಾನಟೋರಿಯಂಗಳ ಬದಲು ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮತ್ತು ಮಾತ್ರೆ ಸಿಗಬೇಕೆಂದು ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಳ್ಳುವುದರಲ್ಲಿ ಆ ಸಂಸ್ಥೆಯ ಇಂಥ ಕೆಲಸಗಳ ಪಾತ್ರ ದೊಡ್ಡದು. ಕಫದಲ್ಲಿ ಕ್ರಿಮಿಯಿಲ್ಲದ ಉಬ್ಬಸದವರು ಇವತ್ತು ಅದೇ ಮೆಟ್ಟಿಲು ಹತ್ತಿ ಅದೇ ಸಿರಪ್ಪಿನೊಂದಿಗೆ ಮನೆಗೆ ಮರಳುತ್ತಿದ್ದಾರೆ.

ಹಾಗಾದರೆ ಮೆಟ್ಟಿಲು ಹತ್ತಿ ಬಂದವರಿಗೆ ಏನು ಸಿಗಬೇಕು? ಮೊದಲನೆಯದು ಊದುವ ಪರೀಕ್ಷೆ, ಸ್ಪೈರೋಮೆಟ್ರಿ. ಲಂಡನ್ನಿನ ಜಾನ್ ಹಚಿನ್ಸನ್ 1846ರಷ್ಟು ಹಿಂದೆಯೇ ಇಂಥ ಯಂತ್ರ ಮಾಡಿ ಸಾವಿರಾರು ಜನರ ಉಸಿರನ್ನು ಅಳೆದಿದ್ದ. ಪೂರ್ತಿ ಉಸಿರು ಎಳೆದುಕೊಂಡು ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ, ಒಟ್ಟು ಹೊರಬರುವ ಗಾಳಿಯಲ್ಲಿ ಎಷ್ಟು ಪಾಲು ಎಂದು ನೋಡುತ್ತಾರೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಅದು ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ಗಾಳಿಗೆ ತಡೆಯಿದೆ ಎಂದು ಅರ್ಥ. ಎಕ್ಸ್‌ರೇಯಿಂದ ಇದು ತಿಳಿಯುವುದಿಲ್ಲ, ಸ್ಟೆತಾಸ್ಕೋಪಿನಿಂದಲೂ ಖಚಿತವಾಗುವುದಿಲ್ಲ. ರಕ್ತದೊತ್ತಡ ಅಳೆಯದೆ ಬಿಪಿ ಮಾತ್ರೆ ಬರೆದುಕೊಟ್ಟರೆ ಜನ ಒಪ್ಪುತ್ತಾರೆಯೇ? ಉಸಿರನ್ನು ಅಳೆಯದೆ ವರ್ಷಗಟ್ಟಲೆ ಔಷಧಿ ಕೊಡುವುದನ್ನು ಮಾತ್ರ ಎಲ್ಲರೂ ಒಪ್ಪಿಕೊಂಡಿದ್ದೇವೆ. ಯಂತ್ರ ಅಷ್ಟೇನೂ ದುಬಾರಿಯಲ್ಲ. ಕಷ್ಟವಿರುವುದು ಊದಿಸುವವರಲ್ಲಿ. 'ಊದಿ, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ' ಎಂದು ರೋಗಿಯ ಮಾತಿನಲ್ಲೇ ಹುರಿದುಂಬಿಸುವ, ಸರಿಯಾಗಿ ಬಾರದ ಗೆರೆಯನ್ನು ಗುರುತಿಸಿ ಮತ್ತೆ ಊದಿಸುವ ಟೆಕ್ನಿಷಿಯನ್ ಬೇಕು. ಅಂಥವರಿಲ್ಲದ ಕಡೆ ಯಂತ್ರ ಬೀರುವಿನಲ್ಲಿ ಉಳಿಯುತ್ತದೆ, ಇಲ್ಲವೇ ತಪ್ಪು ಅಂಕಿ ಕೊಡುತ್ತದೆ.

ಎರಡನೆಯದು ಇನ್ಹೇಲರ್. ನಮ್ಮ ಜನ ಇದಕ್ಕೆ ಪಂಪು ಎನ್ನುತ್ತಾರೆ, ಹೆದರುತ್ತಾರೆ ಕೂಡ. 'ಒಂದು ಸಲ ಪಂಪು ಹಿಡಿದರೆ ಸಾಯುವವರೆಗೆ ಬಿಡುವುದಿಲ್ಲ' ಎಂಬ ಮಾತು ಹಳ್ಳಿಯಲ್ಲಿ ಮಾತ್ರವಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಕೇಳುತ್ತದೆ. ಮದುವೆಯಾಗದ ಹುಡುಗಿಯ ಕೈಯಲ್ಲಿ ಪಂಪು ಕಂಡರೆ ಸಂಬಂಧ ತಪ್ಪಿಹೋಗುತ್ತದೆಂದು ಬಚ್ಚಿಡುವ ತಾಯಂದಿರಿದ್ದಾರೆ. ನಿಜ ಇದಕ್ಕೆ ಉಲ್ಟಾ. ಮಾತ್ರೆಯಾಗಿ ನುಂಗಿದರೆ ಮೈಯೆಲ್ಲ ಸುತ್ತಿ ಕೈ ನಡುಗಿಸುವ, ಎದೆ ಹೊಡೆದುಕೊಳ್ಳುವಂತೆ ಮಾಡುವ ಔಷಧಿಯ ಒಂದು ಸಣ್ಣ ಪಾಲು ಪಂಪಿನಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಪ್ರಮಾಣ ಅಳೆದು ಕೊಡುವ ಇನ್ಹೇಲರ್ 1956ರಿಂದ ಇದೆ. ಅಗ್ಗದ ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್ ನಮ್ಮಲ್ಲಿ ಮನೆಮಾತಾಗಿದೆ. ಮುಖ್ಯವಾದ ಇನ್ಹೇಲರ್ ಔಷಧಿಗಳು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವುದು ಬೇರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ ಕಿಟಕಿಯಲ್ಲಿ ತಿಂಗಳು ತಪ್ಪದೆ ಸಿಗುವುದು ಬೇರೆ. ಅಲ್ಲಿ ಸಿಗದಿದ್ದರೆ ಕೂಲಿಯವರು ದುಡಿಮೆಯ ಎರಡು ದಿನವನ್ನಾದರೂ ಅದಕ್ಕೆ ಹಾಕಬೇಕು. ಆಗ ಅವರು ಉಸಿರು ಕಟ್ಟಿದ ದಿನ ಮಾತ್ರ ಎಳೆಯುತ್ತಾರೆ. ದಿನವೂ ಎಳೆಯಬೇಕಾದ ಪಂಪು ಮೂರು ತಿಂಗಳು ಬರುತ್ತದೆ.

ಎಳೆಯುವ ಬಗೆಯಂತೂ ಇನ್ನೂ ದೊಡ್ಡ ತೊಡಕು. ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆ ತಪ್ಪಿದರೆ ಔಷಧಿ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ರೋಟಾಹೇಲರಿನೊಳಗೆ ಎಳೆಯುವ ಬದಲು ಊದಿಬಿಡುವವರಿದ್ದಾರೆ, ಕ್ಯಾಪ್ಸೂಲನ್ನೇ ನುಂಗಿದವರಿದ್ದಾರೆ. ನಗುವ ವಿಷಯವಲ್ಲ. ಔಷಧಿ ಕೊಟ್ಟವರು ಒಮ್ಮೆ ಮಾಡಿ ತೋರಿಸಿ, ರೋಗಿಯಿಂದ ಮಾಡಿಸಿ ನೋಡಿದ್ದರೆ ಹೀಗಾಗುತ್ತಿರಲಿಲ್ಲ. ಒತ್ತುವ ಪಂಪಿಗೆ ಸ್ಪೇಸರ್ ಎಂಬ ಡಬ್ಬಿ ಜೋಡಿಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಇದಕ್ಕೆ ಎಂ.ಡಿ. ಪದವಿ ಬೇಕಿಲ್ಲ, ತರಬೇತಾದ ನರ್ಸ್ ಸಾಕು, ಹತ್ತು ನಿಮಿಷ ಸಾಕು. ಮುಂದಿನ ಸಲ ಬಂದಾಗಲೂ ಅವರೇ ಮತ್ತೆ ನೋಡಬೇಕು, ಏಕೆಂದರೆ ಕಲಿತದ್ದು ಮರೆತುಹೋಗುತ್ತದೆ. ಬ್ರಿಟನ್ನಿನಲ್ಲಿ ಈ ಕೆಲಸಕ್ಕೆಂದೇ ಉಸಿರಾಟದ ರೋಗಗಳ ನರ್ಸುಗಳಿದ್ದಾರೆ. ಸಿಒಪಿಡಿ ರೋಗಿಗೆ ವೈದ್ಯರಿಗಿಂತ ಅವರ ಪರಿಚಯ ಹೆಚ್ಚು.

ಕೆಟ್ಟ ರಾತ್ರಿಗೆ ಮರಳುವುದಾದರೆ, ಅಲ್ಲೂ ಗೊತ್ತಿರುವುದಕ್ಕೂ ನಡೆಯುವುದಕ್ಕೂ ಅಂತರವಿದೆ. ಆಕ್ಸಿಜನ್ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬುದು ಬಂಧುಗಳ ನಂಬಿಕೆ, ಕೆಲವು ಸಲ ಸಿಬ್ಬಂದಿಯದೂ ಹೌದು. ಸಿಒಪಿಡಿಯಲ್ಲಿ ಅತಿಯಾದ ಆಕ್ಸಿಜನ್ ರಕ್ತದಲ್ಲಿ ಇಂಗಾಲದ ಡೈಆಕ್ಸೈಡನ್ನು ಏರಿಸಿ ಮಂಪರು ಹಿಡಿಸುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ 88ರಿಂದ 92ರ ನಡುವೆ ನಿಲ್ಲುವಷ್ಟು ಮಾತ್ರ ಕೊಟ್ಟರೆ ಸಾವು ಅರ್ಧಕ್ಕಿಂತ ಕಡಿಮೆಯಾಗುತ್ತದೆಂದು ಆಸ್ಟ್ರೇಲಿಯಾದ ಟಾಸ್ಮೇನಿಯಾದ ಆಂಬುಲೆನ್ಸುಗಳಲ್ಲಿ ನಡೆದ ಪ್ರಯೋಗ 2010ರಲ್ಲಿ ತೋರಿಸಿತು. ಸ್ಟೀರಾಯ್ಡ್ ಎರಡು ವಾರ ಬೇಡ, ಐದು ದಿನ ಸಾಕು ಎಂಬುದು 2013ರಿಂದ ಗೊತ್ತು. ಮುಖಕ್ಕೆ ಮಾಸ್ಕ್ ಕಟ್ಟಿ ಗಾಳಿಯನ್ನು ಒತ್ತಡದಲ್ಲಿ ಕೊಡುವ ಬೈಪ್ಯಾಪ್ ಯಂತ್ರದ ವಿಷಯವಂತೂ ಇನ್ನೂ ಮುಖ್ಯ. 2000ದಲ್ಲಿ ಬ್ರಿಟನ್ನಿನ 14 ಆಸ್ಪತ್ರೆಗಳಲ್ಲಿ, ಐಸಿಯುವಿನಲ್ಲಲ್ಲ, ಸಾಮಾನ್ಯ ವಾರ್ಡುಗಳಲ್ಲಿ, ನರ್ಸುಗಳ ಕೈಯಿಂದ ಇದನ್ನು ಹಾಕಿಸಿ ನೋಡಿದರು. ಸಾಯುವವರ ಪ್ರಮಾಣ ನೂರಕ್ಕೆ 20ರಿಂದ 10ಕ್ಕೆ ಇಳಿಯಿತು. ಕೋವಿಡ್ ಕಾಲದಲ್ಲಿ ನಮ್ಮ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೆ ಇಂಥ ಯಂತ್ರಗಳೂ ಆಕ್ಸಿಜನ್ ಘಟಕಗಳೂ ಬಂದವು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 2021ರ ಮೇ 2 ಮತ್ತು 3ರ ನಡುವೆ ಆಕ್ಸಿಜನ್ ಕೊರತೆಯ ನಡುವೆ 24 ಜೀವ ಹೋದ ಮೇಲೆ ಅದರ ಬೆಲೆ ರಾಜ್ಯಕ್ಕೆಲ್ಲ ಅರ್ಥವಾಯಿತು. ಆ ಯಂತ್ರಗಳು ಈಗ ಉಬ್ಬಸದ ರೋಗಿಗೆ ದುಡಿಯಬೇಕು, ಕೈಪಳಗಿದ ಸಿಬ್ಬಂದಿಯೊಂದಿಗೆ.

ಆದರೆ ಬದುಕನ್ನು ಹೆಚ್ಚು ಬದಲಿಸುವ ಚಿಕಿತ್ಸೆ ಯಾವುದೆಂದು ಕೇಳಿದರೆ ನಾನು ಯಂತ್ರವನ್ನೂ ಪಂಪನ್ನೂ ಬಿಟ್ಟು ನಡಿಗೆಯ ಹೆಸರು ಹೇಳುತ್ತೇನೆ. ಉಸಿರು ಕಟ್ಟುತ್ತದೆಂದು ರೋಗಿ ನಡೆಯುವುದನ್ನು ಬಿಡುತ್ತಾನೆ. ಬಿಟ್ಟಂತೆ ತೊಡೆಯ ಮಾಂಸ ಕರಗುತ್ತದೆ, ಕರಗಿದ ಮಾಂಸ ಅಷ್ಟೇ ಕೆಲಸಕ್ಕೆ ಹೆಚ್ಚು ಉಸಿರು ಬೇಡುತ್ತದೆ, ಹಾಗಾಗಿ ಇನ್ನೂ ಕಡಿಮೆ ನಡೆಯುತ್ತಾನೆ. ಕೊನೆಗೆ ಬಚ್ಚಲಿಗೆ ಹೋಗಿಬರುವುದೇ ಒಂದು ಪ್ರಯಾಣ. ಈ ಸುಳಿಯನ್ನು ಮುರಿಯುವ ಕ್ರಮಕ್ಕೆ ಶ್ವಾಸಕೋಶ ಪುನಶ್ಚೇತನ ಎನ್ನುತ್ತಾರೆ. ಎಂಟರಿಂದ ಹನ್ನೆರಡು ವಾರ, ವಾರಕ್ಕೆ ಎರಡು ಮೂರು ಸಲ, ಫಿಸಿಯೋಥೆರಪಿಸ್ಟರ ಕಣ್ಣಮುಂದೆ ನಡಿಗೆ, ಮೆಟ್ಟಿಲು, ತೋಳಿಗೆ ಭಾರ, ತುಟಿ ಕಿರಿದು ಮಾಡಿ ನಿಧಾನಕ್ಕೆ ಉಸಿರು ಬಿಡುವ ಅಭ್ಯಾಸ, ಕಫ ತೆಗೆಯುವ ವಿಧಾನ, ಊಟದ ಸಲಹೆ. ಆರು ನಿಮಿಷದಲ್ಲಿ ಎಷ್ಟು ಮೀಟರು ನಡೆದರೆಂದು ಮೊದಲೂ ಕೊನೆಗೂ ಅಳೆಯುತ್ತಾರೆ. 65 ಪ್ರಯೋಗಗಳ 3,822 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿದ 2015ರ ಕಾಕ್ರೇನ್ ಪರಿಶೀಲನೆಯಲ್ಲಿ ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ, ಇದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಕೇಳುವ ಹೊಸ ಪ್ರಯೋಗಗಳ ಅಗತ್ಯವೇ ಉಳಿದಿಲ್ಲ ಎಂಬ ಮಾತು ಬಂತು. ವೈದ್ಯಶಾಸ್ತ್ರದಲ್ಲಿ ಇಂಥ ತೀರ್ಪು ಸುಲಭಕ್ಕೆ ಬರುವುದಿಲ್ಲ.

ಬಡ ದೇಶಕ್ಕೆ ಇದಕ್ಕಿಂತ ಹೇಳಿಮಾಡಿಸಿದ ಚಿಕಿತ್ಸೆ ಇನ್ನೊಂದಿಲ್ಲ. ಆಮದು ಯಂತ್ರ ಬೇಡ, ಆಸ್ಪತ್ರೆಯ ಉದ್ದನೆಯ ಕಾರಿಡಾರ್ ಮತ್ತು ಎರಡು ಕುರ್ಚಿ ಸಾಕು; ಮರಳು ತುಂಬಿದ ನೀರಿನ ಬಾಟಲಿ ಡಂಬೆಲ್ಲಾಗುತ್ತದೆ. ಆದರೂ ದೊಡ್ಡ ನಗರಗಳ ಕೆಲವು ಆಸ್ಪತ್ರೆ ಬಿಟ್ಟರೆ ಇದು ಸಿಗುವುದು ಅಪರೂಪ. ಶ್ರೀಮಂತ ದೇಶಗಳದ್ದೂ ಇದೇ ಪಾಡು: ಅಮೆರಿಕದಲ್ಲಿ ಆಸ್ಪತ್ರೆಗೆ ದಾಖಲಾಗಿ ಮನೆಗೆ ಹೋದ ಹಿರಿಯ ಸಿಒಪಿಡಿ ರೋಗಿಗಳಲ್ಲಿ ಮೂರು ತಿಂಗಳೊಳಗೆ ಪುನಶ್ಚೇತನ ಶುರುಮಾಡಿದವರು ನೂರಕ್ಕೆ ಇಬ್ಬರೂ ಇರಲಿಲ್ಲ ಎಂದು 2020ರ ಅಧ್ಯಯನವೊಂದು ತೋರಿಸಿತು, ಶುರುಮಾಡಿದವರು ಹೆಚ್ಚು ಕಾಲ ಬದುಕಿದ್ದರು ಎಂಬುದನ್ನೂ ತೋರಿಸಿತು. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬನ್ನಿ ಎಂದು ಉಬ್ಬಸದ ಮುದುಕಿಗೆ ಹೇಳುವುದರಲ್ಲಿ ಅರ್ಥವಿಲ್ಲ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಶಾಲೆಯ ಜಗಲಿಯಲ್ಲಿ ಇದು ನಡೆಯಬೇಕು. ತಜ್ಞರು ಮೊದಲ ಸಲ ಪರೀಕ್ಷಿಸಿ ಎಷ್ಟು ನಡೆಯಬಹುದೆಂದು ಬರೆದುಕೊಡಲಿ. ಉಳಿದದ್ದನ್ನು ಊರಿನಲ್ಲೇ ಮಾಡಿಸಬಹುದು.

ಮನೆಯ ಆಕ್ಸಿಜನ್ ಬಗ್ಗೆ ಎರಡು ಬಗೆಯ ತಪ್ಪು ನಡೆಯುತ್ತಿದೆ: ಬೇಕಾದವರಿಗೆ ಸಿಗುತ್ತಿಲ್ಲ, ಬೇಡದವರು ಸಾಲ ಮಾಡಿ ಕಾನ್ಸೆಂಟ್ರೇಟರ್ ಕೊಳ್ಳುತ್ತಿದ್ದಾರೆ. ಆರಾಮಾಗಿ ಕೂತಿದ್ದಾಗಲೂ ರಕ್ತದ ಆಕ್ಸಿಜನ್ 88ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇರುವವರಿಗೆ ದಿನಕ್ಕೆ 15 ಗಂಟೆ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ. 1980 ಮತ್ತು 1981ರ ಎರಡು ಪ್ರಯೋಗಗಳಿಂದ ಇದು ತಿಳಿದದ್ದು. ಅದಕ್ಕಿಂತ ಮೇಲಿದ್ದು ನಡೆದಾಗ ಮಾತ್ರ ಸ್ವಲ್ಪ ಇಳಿಯುವವರಿಗೆ ಆಯುಷ್ಯದ ಲಾಭವಿಲ್ಲವೆಂದು 2016ರ ಅಮೆರಿಕದ ಪ್ರಯೋಗ ಹೇಳಿತು. 24 ಗಂಟೆ ಹಚ್ಚಿಕೊಂಡರೆ 15 ಗಂಟೆಗಿಂತ ಹೆಚ್ಚು ಒಳ್ಳೆಯದೇ ಎಂದು ಸ್ವೀಡನ್ನಿನವರು ಪರೀಕ್ಷಿಸಿ 2024ರಲ್ಲಿ ಇಲ್ಲ ಎಂದರು. ಕರೆಂಟು ಹೋಗಿಬರುವ ನಮ್ಮ ಊರುಗಳಿಗೆ ಇದು ಸಮಾಧಾನದ ಸುದ್ದಿ. ರಾತ್ರಿ ಹಾಗೂ ಬೆಳಗಿನ ಕೆಲವು ಗಂಟೆ ಹಚ್ಚಿಕೊಂಡು ಉಳಿದ ಹೊತ್ತು ಜಗಲಿಯಲ್ಲಿ ಕೂರಬಹುದು. ಬೆರಳಿನ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುವುದುಂಟು ಎಂಬುದನ್ನು ಅಮೆರಿಕದ ವೈದ್ಯರು 2020ರಲ್ಲಿ ಎತ್ತಿ ತೋರಿಸಿದರು. ಗಡಿಯಲ್ಲಿರುವವರಿಗೆ ಅಪಧಮನಿಯ ರಕ್ತ ತೆಗೆದೇ ಪರೀಕ್ಷಿಸಬೇಕು. ಇಂಥ ತೀರ್ಮಾನಕ್ಕೆ ತಜ್ಞರು ಬೇಕು. ತಜ್ಞರಿಲ್ಲದೆಡೆ ಯಂತ್ರದ ಅಂಗಡಿಯವನೇ ತೀರ್ಮಾನಿಸುತ್ತಾನೆ.

ತಜ್ಞರೇ ಬೇಕು, ಬೇರೆ ಯಾರಿಂದಲೂ ಆಗದು ಎನ್ನುವ ರೋಗಗಳೂ ಇವೆ. ಶ್ವಾಸಕೋಶವೇ ಗಟ್ಟಿಯಾಗುತ್ತ ಹೋಗುವ ಫೈಬ್ರೋಸಿಸ್ ಗುಂಪಿನವು ಅಂಥವು. 27 ಕೇಂದ್ರಗಳ 1,084 ರೋಗಿಗಳ ಭಾರತೀಯ ದಾಖಲಾತಿ 2017ರಲ್ಲಿ ಬಂದಾಗ ಹೆಚ್ಚಿನ ಸಂಖ್ಯೆಯಲ್ಲಿ, ಸುಮಾರು ಅರ್ಧದಷ್ಟು, ಕಂಡದ್ದು ಉಸಿರಿನೊಂದಿಗೆ ಒಳಹೋಗುವ ವಸ್ತುಗಳ ಅಲರ್ಜಿಯಿಂದ ಬರುವ ಬಗೆ. ಬೂಸ್ಟು ಹಿಡಿದ ಏರ್ ಕೂಲರ್ ಅದರಲ್ಲಿ ದೊಡ್ಡ ಅನುಮಾನಿತ. ಪಾರಿವಾಳದ ಹಿಕ್ಕೆಯಿಂದಲೂ ಈ ಬಗೆ ಬರುತ್ತದೆ. ಸಿ.ಟಿ. ಸ್ಕ್ಯಾನ್ ಓದಬಲ್ಲ ರೇಡಿಯಾಲಜಿಸ್ಟ್, ಎದೆರೋಗ ತಜ್ಞ, ಕೀಲುರೋಗ ತಜ್ಞ ಒಟ್ಟಿಗೆ ಕೂತು ಚರ್ಚಿಸದೆ ಇದರ ಬಗೆ ತಿಳಿಯುವುದಿಲ್ಲ. ಬಗೆ ತಪ್ಪಿದರೆ ಮದ್ದೂ ತಪ್ಪುತ್ತದೆ: ಒಂದಕ್ಕೆ ಸ್ಟೀರಾಯ್ಡ್ ನೆರವು, ಇನ್ನೊಂದಕ್ಕೆ ಹಾನಿ. ಶ್ವಾಸಕೋಶ ಕಸಿ, ಹಿಗ್ಗಿದ ಭಾಗಕ್ಕೆ ಕವಾಟ ಕೂರಿಸುವುದು, 2024ರಲ್ಲಿ ಅಮೆರಿಕದಲ್ಲಿ ಸಿಒಪಿಡಿಗೂ ಒಪ್ಪಿಗೆ ಪಡೆದ ಡ್ಯುಪಿಲುಮ್ಯಾಬ್‌ನಂಥ ದುಬಾರಿ ಇಂಜೆಕ್ಷನ್, ಇವೂ ತಜ್ಞರ ಅಂಗಳದವೇ. ಬೆರಳೆಣಿಕೆಯ ಜನರಿಗೆ ಅವು ಜೀವದಾನ. ಪತ್ರಿಕೆಗಳ ಮುಖಪುಟಕ್ಕೆ ಬರುವುದೂ ಇವೇ ಎಂಬುದರಿಂದ ಇಲ್ಲಿ ಬೇಗ ಮುಂದೆ ಹೋಗುತ್ತೇನೆ.

ಕೊನೆಯ ಹಂತದ ಮಾತು ಮಾತ್ರ ಬಿಡುವಂತಿಲ್ಲ. ಕ್ಯಾನ್ಸರ್ ರೋಗಿಗೆ ಕೊನೆಗಾಲದಲ್ಲಿ ನೋವು ಶಮನದ ಆರೈಕೆ ಬೇಕೆಂಬುದನ್ನು ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ನಮಗೆ ಕಲಿಸಿವೆ. ಉಸಿರಿಗಾಗಿ ವರ್ಷಗಟ್ಟಲೆ ಹೆಣಗಾಡುವವರಿಗೂ ಅದು ಬೇಕು. ಮಾರ್ಫಿನ್ ಏದುಸಿರಿನ ಸಂಕಟ ತಗ್ಗಿಸುತ್ತದೆಂಬ ನಂಬಿಕೆಗೆ 2022ರ ಪ್ರಯೋಗವೊಂದು ಬೆಂಬಲ ಕೊಡಲಿಲ್ಲ, ಹಾಗಾಗಿ ಅದನ್ನು ಎಲ್ಲರಿಗೂ ಕೊಡುವಂತಿಲ್ಲ. ಮುಖಕ್ಕೆ ಬೀಸುವ ಸಣ್ಣ ಫ್ಯಾನು, ಮುಂದಕ್ಕೆ ಬಾಗಿ ಕೂರುವ ಭಂಗಿ, ಖಿನ್ನತೆಗೆ ಚಿಕಿತ್ಸೆ, ಮನೆಯವರ ಭಯ ಕಳೆಯುವ ಮಾತು, ಇವಕ್ಕೆ ಬೆಲೆಯಿದೆ. ವೆಂಟಿಲೇಟರ್ ಬೇಕೇ ಬೇಡವೇ ಎಂಬ ಮಾತನ್ನು ನಡುರಾತ್ರಿ ಐಸಿಯು ಬಾಗಿಲಲ್ಲಿ ಮಗನ ಕೈಗೆ ಕಾಗದ ಕೊಟ್ಟು ಕೇಳುವುದು ಅನ್ಯಾಯ. ರೋಗಿ ಚೆನ್ನಾಗಿದ್ದ ದಿನವೊಂದರಲ್ಲಿ, ಪರಿಚಯದ ವೈದ್ಯರು, ಅವರನ್ನೇ ಕೂರಿಸಿಕೊಂಡು ಕೇಳಬೇಕಾದ ಮಾತದು.

ಪರಿಚಯದ ವೈದ್ಯರು ಎಲ್ಲಿಂದ ಬರಬೇಕು? ನಮ್ಮ ಎದೆರೋಗ ತಜ್ಞತೆ ಸ್ಯಾನಟೋರಿಯಂಗಳಲ್ಲಿ ಹುಟ್ಟಿದ್ದು. ಕ್ಷಯಕ್ಕೆ ಬಲಿಯಾದ ತಮ್ಮ ಸೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕಟ್ಟಿಸಿದ ಪಿ.ಕೆ. ಸ್ಯಾನಟೋರಿಯಂ ಶತಮಾನದಷ್ಟು ಹಳೆಯದು. ಬೆಂಗಳೂರಿನಲ್ಲಿ ಎಸ್‌ಡಿಎಸ್ ಕ್ಷಯರೋಗ ಸಂಶೋಧನಾ ಕೇಂದ್ರ ಮತ್ತು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ರಾಜ್ಯದ ಮೂಲೆಮೂಲೆಯಿಂದ ರೋಗಿಗಳನ್ನು ಸೆಳೆಯುತ್ತದೆ. ರಾಯಚೂರಿನವರು, ಬೀದರಿನವರು ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಗಿನ ಹೊರರೋಗಿ ಸಾಲಿನಲ್ಲಿ ನಿಲ್ಲುವುದು ಸಂಸ್ಥೆಯ ಹಿರಿಮೆಯೂ ಹೌದು, ವ್ಯವಸ್ಥೆಯ ಸೋಲೂ ಹೌದು. ಇಂಥ ಹೊತ್ತಿನಲ್ಲಿ, 2023ರಲ್ಲಿ, ಹೊಸ ವೈದ್ಯಕೀಯ ಕಾಲೇಜುಗಳಲ್ಲಿ ಇರಲೇಬೇಕಾದ ವಿಭಾಗಗಳ ಪಟ್ಟಿಯಿಂದ ಶ್ವಾಸಕೋಶ ವಿಭಾಗವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಕೈಬಿಟ್ಟಿತು. ತಜ್ಞರ ಸಂಘಗಳು ಪ್ರತಿಭಟಿಸಿದವು. ಅವರ ಪ್ರತಿಭಟನೆ ನೂರಕ್ಕೆ ನೂರು ನ್ಯಾಯವೆಂದು ನಾನು ಭಾವಿಸುತ್ತೇನೆ. ಎಂ.ಬಿ.ಬಿ.ಎಸ್. ಓದುವಾಗ ಸ್ಪೈರೋಮೀಟರ್ ಮುಟ್ಟದ ವಿದ್ಯಾರ್ಥಿ ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತಾಗ ಸಿರಪ್ಪನ್ನಲ್ಲದೆ ಇನ್ನೇನು ಬರೆದಾನು?

ತಜ್ಞರ ಸಂಖ್ಯೆ ಹೆಚ್ಚಿದರೂ ಪ್ರತಿ ತಾಲ್ಲೂಕಿಗೆ ಒಬ್ಬರು ಸಿಗುವುದು ಸದ್ಯಕ್ಕೆ ಆಗದ ಮಾತು. ಆದರೆ ಕ್ಷಯದ ಕಾರ್ಯಕ್ರಮ ಇರುವೆಡೆಯೆಲ್ಲ ಎದೆಯ ಕಾಯಿಲೆಗೆಂದೇ ಒಂದು ಕೋಣೆ, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಂದು ರಿಜಿಸ್ಟರ್ ಆಗಲೇ ಇದೆ. ಕಫದಲ್ಲಿ ಕ್ರಿಮಿ ಸಿಗದ ಕೆಮ್ಮಿನವರನ್ನು ಅಲ್ಲಿಂದ ಹೊರಗೆ ಕಳಿಸುವ ಬದಲು ಪಕ್ಕದ ಮೇಜಿಗೆ ಕಳಿಸಿ ಊದಿಸಬಹುದು. ಕ್ಷಯದ ಚಿಕಿತ್ಸೆ ಮುಗಿದ ಪ್ರತಿಯೊಬ್ಬರಿಗೂ ಪುಟ ಮುಚ್ಚುವ ಮೊದಲು ಸ್ಪೈರೋಮೆಟ್ರಿ ಮಾಡಬಹುದು. ಮೂವತ್ತು ದಾಟಿದವರ ಮನೆಗೆ ಹೋಗಿ ಆಶಾ ಕಾರ್ಯಕರ್ತೆ ತುಂಬುವ ಅರ್ಜಿಯಲ್ಲಿ ಅಡುಗೆಗೆ ಯಾವ ಉರುವಲು, ಏದುಸಿರು ಬರುತ್ತದೆಯೇ ಎಂಬ ಪ್ರಶ್ನೆಗಳು ಈಗಲೇ ಇವೆ. ಆ ಉತ್ತರ ಊದುವ ಯಂತ್ರದವರೆಗೆ ತಲುಪಬೇಕು, ಅಷ್ಟೇ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2023ರಲ್ಲಿ ಹೊಸ ಹೆಸರು ಪಡೆದಾಗ ಸಿಒಪಿಡಿ ಮತ್ತು ಅಸ್ತಮಾ ಅದರೊಳಗೆ ಸೇರಿವೆ. ಬಿಪಿ, ಸಕ್ಕರೆ ಕಾಯಿಲೆಯವರಿಗೆ ತಿಂಗಳ ಮಾತ್ರೆ ಕೊಡುವ ಕಿಟಕಿಯಲ್ಲೇ ಪಂಪನ್ನೂ ಕೊಡಲು ಈಗ ಅಡ್ಡಿಯಿಲ್ಲ. ಜಿಲ್ಲಾ ಕೇಂದ್ರದ ತಜ್ಞರು ತಿಂಗಳಿಗೊಮ್ಮೆ ತಾಲ್ಲೂಕಿಗೆ ಬಂದು ಕಷ್ಟದ ಪ್ರಕರಣ ನೋಡಲಿ, ಉಳಿದ ದಿನ ಫೋನಿನಲ್ಲಿ ಸಿಗಲಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೋನಿಯಾ ತಡೆಯುವ ಲಸಿಕೆ ಅದೇ ದಿನ ಹಾಕಲಿ.

ದುಡ್ಡಿನ ಮಾತು ಬರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳ ಹಣ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ. ರೋಗಿ ಐಸಿಯುವಿನಲ್ಲಿ ವಾರ ಮಲಗಿದರೆ ಅದಕ್ಕೆ ಪ್ಯಾಕೇಜು ಇದೆ. ಆತ ಐಸಿಯುವಿಗೆ ಹೋಗದಂತೆ ತಡೆಯುವ ತಿಂಗಳ ಪಂಪಿಗೆ, ಸ್ಪೇಸರಿಗೆ, ಹನ್ನೆರಡು ವಾರದ ನಡಿಗೆಯ ಅಭ್ಯಾಸಕ್ಕೆ, ಮನೆಯ ಕಾನ್ಸೆಂಟ್ರೇಟರಿಗೆ ಹಾಗೆ ಇಲ್ಲ. ಒಂದು ಜಿಲ್ಲೆಯನ್ನು ಆರಿಸಿಕೊಂಡು, ಈ ನಾಲ್ಕನ್ನೂ ಎರಡು ವರ್ಷ ಯೋಜನೆಯ ಹಣದಿಂದಲೇ ಕೊಟ್ಟು, ಉಬ್ಬಸದಿಂದ ದಾಖಲಾಗುವವರ ಸಂಖ್ಯೆಯೂ ಐಸಿಯುವಿನ ಬಿಲ್ಲೂ ಎಷ್ಟು ಇಳಿಯುತ್ತವೆಂದು ಆರೋಗ್ಯ ಇಲಾಖೆ ಲೆಕ್ಕ ಹಾಕಬಹುದು. ತುಮಕೂರಿನಲ್ಲಿ ಅಂದು ಮನೆಮನೆಗೆ ಹೋಗಿ ಲೆಕ್ಕ ತೆಗೆದ ಸಂಸ್ಥೆ ಇಂದಿಗೂ ಬೆಂಗಳೂರಿನಲ್ಲಿದೆ, ಜಿಲ್ಲೆಗೊಂದು ಕ್ಷಯರೋಗ ಅಧಿಕಾರಿಯ ಕಚೇರಿಯೂ ಇದೆ.